ಕಾಣೆಯಾದವರ ಪಟ್ಟಿಯಿಂದ ಮಹಾವೀರ ಚಕ್ರದವರೆಗೆ: ಅಜ್ಜಮಾಡ ದೇವಯ್ಯನವರ ಜೀವನ



ಮನೆಯವರೊಬ್ಬರು ತೀರಿಕೊಂಡರೆ ಉಳಿದವರಿಗೆ ಮೂರು ವಿಷಯ ತಿಳಿಯಬೇಕಾಗುತ್ತದೆ. ಯಾವಾಗ ತೀರಿಕೊಂಡರು, ಹೇಗೆ ತೀರಿಕೊಂಡರು, ಎಲ್ಲಿ ಮಣ್ಣಾದರು ಎಂಬುದು. ಈ ಮೂರು ತಿಳಿದರೆ ದುಃಖಕ್ಕೆ ಒಂದು ದಡ ಸಿಗುತ್ತದೆ. ಜನ ಬಂದು ಕೂತು ಸಮಾಧಾನ ಹೇಳುತ್ತಾರೆ, ದುವಾ ಮಾಡುತ್ತಾರೆ, ದಿನ ಕಳೆದಂತೆ ಮನೆ ಮತ್ತೆ ನಡೆಯತೊಡಗುತ್ತದೆ. ಮೂರರಲ್ಲಿ ಒಂದೂ ತಿಳಿಯದಿದ್ದರೆ ಆ ಮನೆಯ ಸ್ಥಿತಿ ಏನಾಗಬಹುದು? ಬಾಗಿಲು ಸದ್ದಾದಾಗಲೆಲ್ಲ ತಾಯಿ ಎದ್ದು ನೋಡುತ್ತಾಳೆ. ಹೆಂಡತಿ ತನ್ನನ್ನು ಏನೆಂದು ಕರೆದುಕೊಳ್ಳಬೇಕೆಂದು ತಿಳಿಯದೆ ಇರುತ್ತಾಳೆ. ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ ಏನು ಬರೆಯಬೇಕೆಂದು ಕೇಳುತ್ತಾರೆ.

ಯುದ್ಧದಲ್ಲಿ ವಿಮಾನ ಹಾರಿಸುವವರ ಮನೆಗಳಿಗೆ ಈ ಕಷ್ಟ ಹೆಚ್ಚು. ನೆಲದ ಮೇಲೆ ಹೋರಾಡುವ ಸೈನಿಕನ ಪಕ್ಕದಲ್ಲಿ ಇನ್ನೊಬ್ಬ ಸೈನಿಕನಿರುತ್ತಾನೆ. ಪೈಲಟ್ ಒಬ್ಬನೇ ಹೋಗುತ್ತಾನೆ, ಕ್ಷಣಾರ್ಧದಲ್ಲಿ ಮೈಲಿಗಟ್ಟಲೆ ದೂರವಾಗುತ್ತಾನೆ, ಬಿದ್ದರೆ ಬೇರೆಯವರ ನೆಲದಲ್ಲಿ ಬೀಳುತ್ತಾನೆ. ಹಾಗೆ ಹೋಗಿ ಬಾರದೆ ಉಳಿದ, ಇಪ್ಪತ್ಮೂರು ವರ್ಷಗಳ ನಂತರ ಸತ್ಯ ಹೊರಬಿದ್ದು ದೇಶದ ದೊಡ್ಡ ಗೌರವಕ್ಕೆ ಪಾತ್ರರಾದ ನಮ್ಮದೇ ರಾಜ್ಯದ ಒಬ್ಬ ವೀರರ ಜೀವನವನ್ನು ಈ ಸಂಚಿಕೆಯ ಮೂಲಕ ನಿಮ್ಮ ಮುಂದಿಡುತ್ತಿದ್ದೇನೆ. ಅವರೇ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ.

ಕೊಡಗಿನ ಮಗ

ದೇವಯ್ಯನವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. ತಂದೆ ಡಾ. ಬೋಪಯ್ಯ. ಹೆಸರಿನ ಮೊದಲಿಗೆ ಬರುವ ಅಜ್ಜಮಾಡ ಎಂಬುದು ಮನೆತನದ ಹೆಸರು. ಕೊಡವರಲ್ಲಿ ಪ್ರತಿಯೊಬ್ಬರ ಹೆಸರಿನೊಂದಿಗೆ ಮನೆತನದ ಹೆಸರೂ ಸೇರಿರುತ್ತದೆ. ತೀರಿಕೊಂಡ ಹಿರಿಯರನ್ನು ಮನೆತನದವರೆಲ್ಲ ಸೇರಿ ನೆನೆಯುವ ಪದ್ಧತಿ ಅವರಲ್ಲಿ ಬಲವಾಗಿದೆ. ಇಂಥ ಸಮಾಜದಿಂದ ಬಂದ ಒಬ್ಬ ಮಗ ಎಲ್ಲಿ ಮಣ್ಣಾದನೆಂದೇ ತಿಳಿಯದೆ ಹೋದದ್ದು ಎಷ್ಟು ದೊಡ್ಡ ನೋವೆಂದು ನೀವೇ ಊಹಿಸಬಹುದು.

ಆ ಕಾಲದ ಕೊಡಗು ಒಂದು ಪ್ರತ್ಯೇಕ ಪ್ರಾಂತವಾಗಿತ್ತು. ನಮ್ಮ ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಕೊಡಗೂ ರಾಯಚೂರೂ ಒಂದೇ ರಾಜ್ಯದೊಳಗೆ ಬಂದವು. ಚಿಕ್ಕ ನಾಡಾದರೂ ಕೊಡಗು ಭಾರತದ ಸೈನ್ಯಕ್ಕೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರಂಥ ಮುಖ್ಯಸ್ಥರನ್ನು ಕೊಟ್ಟಿದೆ. ಮಗ ಸೈನ್ಯಕ್ಕೆ ಸೇರುವುದು ಅಲ್ಲಿಯ ಮನೆಗಳಲ್ಲಿ ಹೊಸ ಮಾತಲ್ಲ.

ದೇವಯ್ಯನವರು 1954ರಲ್ಲಿ ಭಾರತೀಯ ವಾಯುಪಡೆಗೆ ಪೈಲಟ್ ಆಗಿ ಸೇರಿದರು. ವಿಮಾನ ಹಾರಿಸುವುದರಲ್ಲಿ ಪಳಗಿದ ಮೇಲೆ ಬೇರೆಯವರಿಗೆ ಕಲಿಸುವ ಹೊಣೆಯೂ ಅವರ ಪಾಲಿಗೆ ಬಂತು. 1965ರಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಅವರು ವಾಯುಪಡೆಯ ಹಾರಾಟ ಶಿಕ್ಷಣ ಕಾಲೇಜಿನಲ್ಲಿ ಬೋಧಕರಾಗಿದ್ದರು. ಅಂದರೆ ಅವರೂ ನಮ್ಮ ಹಾಗೆ ಮಾಸ್ತರರೇ. ತರಗತಿ ಮಾತ್ರ ಆಕಾಶದಲ್ಲಿತ್ತು. ಯುದ್ಧದ ಕಾರಣ ಅವರನ್ನು ವಾಯುಪಡೆಯ 1ನೇ ಸ್ಕ್ವಾಡ್ರನ್ನಿಗೆ ಹಿರಿಯ ಪೈಲಟ್ ಆಗಿ ಕಳುಹಿಸಲಾಯಿತು. ಸ್ಕ್ವಾಡ್ರನ್ ಎಂದರೆ ಯುದ್ಧವಿಮಾನಗಳ ಒಂದು ತಂಡ. ಹುಲಿ ಈ ತಂಡದ ಗುರುತು. ಪಂಜಾಬಿನ ಆದಂಪುರ ಅದರ ನೆಲೆಯಾಗಿತ್ತು. ತಂಡದ ಮುಖ್ಯಸ್ಥರು ವಿಂಗ್ ಕಮಾಂಡರ್ ಓಂಪ್ರಕಾಶ್ ತನೇಜಾ. ಇವರ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

1965ರ ಸೆಪ್ಟೆಂಬರ್ 7

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟ್, ಆದಂಪುರ ಮತ್ತು ಹಲ್ವಾರಾ ನೆಲೆಗಳತ್ತ ದಾಳಿಗೆ ಬಂದವು. ಪಠಾಣಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ನಮ್ಮ ಹಲವು ವಿಮಾನಗಳು ನಾಶವಾದವು. ಅದಕ್ಕೆ ಉತ್ತರವಾಗಿ ಮರುದಿನ ಬೆಳಗಿನ ಜಾವ ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡುವ ಕೆಲಸ 1ನೇ ಸ್ಕ್ವಾಡ್ರನ್ನಿಗೆ ಬಂತು. ಸರಗೋಧಾ ಆ ದೇಶದ ಅತಿ ಮುಖ್ಯ ವಾಯುನೆಲೆ. ಗಡಿಯಿಂದ ಒಳಗೆ ಬಹಳ ದೂರದಲ್ಲಿದ್ದುದರಿಂದ ಹೋಗಿಬರುವಷ್ಟಕ್ಕೆ ಮಾತ್ರ ಇಂಧನ ಸಾಕಾಗುತ್ತಿತ್ತು.

ದೇವಯ್ಯನವರ ತಂಡ ಹಾರಿಸುತ್ತಿದ್ದುದು ಮಿಸ್ಟೇರ್ ಎಂಬ ವಿಮಾನ. ಫ್ರಾನ್ಸಿನ ದಸಾಲ್ಟ್ ಕಂಪನಿ ತಯಾರಿಸಿದ ಇದು 1957ರಲ್ಲಿ ನಮ್ಮ ವಾಯುಪಡೆಗೆ ಬಂದಿತ್ತು. ನೆಲದ ಮೇಲಿನ ಗುರಿಗಳಿಗೆ ಬಾಂಬು, ರಾಕೆಟ್ ಹಾಕಲು ಒಳ್ಳೆಯದು. ಆದರೆ ಸಮಾನ ಎತ್ತರದ ಹಾರಾಟದಲ್ಲಿ ಶಬ್ದದ ವೇಗವನ್ನು ದಾಟುವ ಶಕ್ತಿ ಅದಕ್ಕಿರಲಿಲ್ಲ. ಎದುರಾಳಿಯ ಬಳಿ ಇದ್ದುದು ಅಮೆರಿಕದ ಸ್ಟಾರ್‌ಫೈಟರ್. ಶಬ್ದದ ವೇಗದ ಎರಡು ಪಟ್ಟು ಓಡಬಲ್ಲ, ಕ್ಷಿಪಣಿ ಹೊತ್ತ ವಿಮಾನ. ಎತ್ತಿನ ಬಂಡಿಯೂ ಮೋಟಾರೂ ಒಂದೇ ದಾರಿಯಲ್ಲಿ ಎದುರಾದಂತೆ ಎಂದರೆ ಸ್ವಲ್ಪ ಹೆಚ್ಚಾದೀತು. ಆದರೆ ವ್ಯತ್ಯಾಸ ದೊಡ್ಡದೇ ಇತ್ತು.

ಹನ್ನೆರಡು ಮಿಸ್ಟೇರ್‌ಗಳು ಹೋಗಬೇಕೆಂದು ಲೆಕ್ಕವಾಯಿತು. ಯಾವುದಾದರೂ ವಿಮಾನ ಕೈಕೊಟ್ಟರೆ ಅದರ ಜಾಗಕ್ಕೆ ಹೋಗಲು ಕೆಲವರನ್ನು ಕಾಯ್ದಿರಿಸಲಾಯಿತು. ದೇವಯ್ಯನವರು ಹಾಗೆ ಕಾಯ್ದಿರಿಸಿದವರಲ್ಲಿ ಒಬ್ಬರು. ಎಲ್ಲವೂ ಸರಿಯಾಗಿ ನಡೆದಿದ್ದರೆ ಅವರು ಆ ದಿನ ಸರಗೋಧಾ ಕಡೆ ಹೋಗಬೇಕಾಗಿಯೇ ಇರಲಿಲ್ಲ. ತಂಡದ ಒಂದು ವಿಮಾನ ಹೊರಬಿದ್ದಾಗ ಅದರ ಜಾಗ ತುಂಬಲು ಅವರು ಹಾರಿದರು. ಶತ್ರುಗಳಿಗೆ ಸುಳಿವು ಸಿಗಬಾರದೆಂದು ರೇಡಿಯೋದಲ್ಲಿ ಮಾತನಾಡುವುದು ನಿಷೇಧವಾಗಿತ್ತು. ಕತ್ತಲೆ ಇನ್ನೂ ಹರಿದಿರಲಿಲ್ಲ. ನೆಲಕ್ಕೆ ತೀರ ಹತ್ತಿರವಾಗಿ ಹಾರುತ್ತಿದ್ದ ತಂಡದವರಲ್ಲಿ ಯಾರು ಎಲ್ಲಿದ್ದಾರೆಂದು ಒಬ್ಬರಿಗೊಬ್ಬರು ಕೇಳುವಂತಿರಲಿಲ್ಲ.

ದಾಳಿ ಮುಗಿಸಿ ವಿಮಾನಗಳು ಆದಂಪುರಕ್ಕೆ ಮರಳಿದವು. ಎಣಿಸಿ ನೋಡಿದಾಗ ದೇವಯ್ಯನವರ ವಿಮಾನ ಇರಲಿಲ್ಲ. ಕಾದರು. ಮಿಸ್ಟೇರ್‌ನ ಇಂಧನ ಎಷ್ಟು ಹೊತ್ತು ಬರುತ್ತದೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಆ ಹೊತ್ತೂ ಮುಗಿಯಿತು. ಅವರ ವಿಮಾನ ಬಿದ್ದುದನ್ನು ಕಂಡವರು ತಂಡದಲ್ಲಿ ಒಬ್ಬರೂ ಇರಲಿಲ್ಲ. ಹೀಗಾಗಿ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಕಾಣೆಯಾಗಿದ್ದಾರೆ ಎಂದು ಬರೆಯಲಾಯಿತು. ಆಗ ಅವರ ವಯಸ್ಸು ಮೂವತ್ತೆರಡು. ಮನೆಯಲ್ಲಿ ಪತ್ನಿ, ಎಳೆಯ ಹೆಣ್ಣುಮಕ್ಕಳು ಇದ್ದರು.

ಸಾಕ್ಷಿ ಇದ್ದವರು, ಸಾಕ್ಷಿ ಇಲ್ಲದವರು

ವಿದ್ಯಾರ್ಥಿ ಮಿತ್ರರೇ, ಅದೇ ಯುದ್ಧದ ಇನ್ನಿಬ್ಬರ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಹವಾಲ್ದಾರ್ ಅಬ್ದುಲ್ ಹಮೀದ್ ಅವರ ಹೆಸರು ನಿಮಗೆಲ್ಲ ಗೊತ್ತು. ಉತ್ತರ ಪ್ರದೇಶದ ಗಾಜೀಪುರ ಜಿಲ್ಲೆಯವರು. ಸೆಪ್ಟೆಂಬರ್ 10ರಂದು ಖೇಮಕರಣ್ ಕಡೆಯ ಕಾಳಗದಲ್ಲಿ ಜೀಪಿನ ಮೇಲೆ ಕೂರಿಸಿದ ತೋಪಿನಿಂದ ಟ್ಯಾಂಕುಗಳನ್ನು ಹೊಡೆದು ಪ್ರಾಣ ಕೊಟ್ಟರು. ಅವರ ಸಾಹಸವನ್ನು ಜೊತೆಗಿದ್ದ ಸೈನಿಕರು ಕಣ್ಣಾರೆ ಕಂಡಿದ್ದರು. ಒಂದು ವಾರದೊಳಗೆ ಪರಮವೀರ ಚಕ್ರ ಘೋಷಣೆಯಾಯಿತು.

ಎರಡನೆಯವರು ಕೊಡಗಿನವರೇ ಆದ ಕೆ.ಸಿ. ಕಾರ್ಯಪ್ಪ, ಜನರಲ್ ಕಾರ್ಯಪ್ಪನವರ ಮಗ. ಅವರೂ ಯುದ್ಧವಿಮಾನದ ಪೈಲಟ್. ಯುದ್ಧದ ಕೊನೆಯ ದಿನಗಳಲ್ಲಿ ಅವರ ವಿಮಾನ ಬಿದ್ದು ಪಾಕಿಸ್ತಾನದ ಕೈಗೆ ಸೆರೆಯಾದರು. ದೇಶ ವಿಭಜನೆಗೆ ಮುಂಚೆ ತಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷರು. ಮಗನನ್ನು ಬಿಟ್ಟುಕೊಡಲು ಅವರು ಮುಂದಾದರೂ ತಂದೆ ಒಪ್ಪಲಿಲ್ಲ. ಎಲ್ಲ ಸೆರೆಯಾಳುಗಳ ಜೊತೆಗೇ ತನ್ನ ಮಗನೂ ಬರಲಿ ಎಂಬುದು ಅವರ ನಿಲುವಾಗಿತ್ತು. ಮಗ ಮುಂದೆ ಕ್ಷೇಮವಾಗಿ ಮರಳಿದರು. ಆ ಮನೆಯವರಿಗೆ ಚಿಂತೆ ಇತ್ತು, ಆದರೆ ಮಗ ಎಲ್ಲಿದ್ದಾನೆಂಬುದು ಗೊತ್ತಿತ್ತು.

ದೇವಯ್ಯನವರ ವಿಷಯದಲ್ಲಿ ಇವೆರಡೂ ಆಗಲಿಲ್ಲ. ಸಾಹಸ ಕಂಡ ಸಂಗಾತಿ ಇರಲಿಲ್ಲ, ಸೆರೆಯಾಳುಗಳ ಪಟ್ಟಿಯಲ್ಲಿ ಹೆಸರೂ ಇರಲಿಲ್ಲ. ಯುದ್ಧ ನಿಂತಿತು. 1966ರ ಜನವರಿಯಲ್ಲಿ ತಾಷ್ಕೆಂಟ್ ಒಪ್ಪಂದವಾಯಿತು. ಸೆರೆಯಾಳುಗಳು ಊರಿಗೆ ಮರಳಿದರು. ದೇವಯ್ಯನವರು ಬರಲಿಲ್ಲ. ಮೊದಲು ಕಾಣೆಯಾದವರೆಂದು ಬರೆದ ದಾಖಲೆಯಲ್ಲಿ ಮುಂದೆ ಮೃತರೆಂದು ಬರೆಯಲಾಯಿತು. ಅವರು ಕೊನೆಯ ಗಳಿಗೆಯಲ್ಲಿ ಏನು ಮಾಡಿದರೆಂಬುದರ ಬಗ್ಗೆ ಆ ಕಡತದಲ್ಲಿ ಏನೂ ಇರಲಿಲ್ಲ.

ಗಡಿಯಾಚೆ ಇದ್ದ ಉತ್ತರ

ಉತ್ತರ ಗಡಿಯ ಆ ಕಡೆ ಇತ್ತು. ಆ ಬೆಳಗ್ಗೆ ಸರಗೋಧಾದ ಆಕಾಶದಲ್ಲಿದ್ದ ಸ್ಟಾರ್‌ಫೈಟರ್ ಹಾರಿಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಮರಳುತ್ತಿದ್ದ ಮಿಸ್ಟೇರ್ ಒಂದನ್ನು ಅವರು ಬೆನ್ನಟ್ಟಿದರು. ಮೊದಲು ಬಿಟ್ಟ ಕ್ಷಿಪಣಿ ಗುರಿ ತಪ್ಪಿ ನೆಲಕ್ಕೆ ಬಿತ್ತು. ನಂತರ ತೋಪಿನ ಗುಂಡುಗಳು ಮಿಸ್ಟೇರ್‌ಗೆ ತಗುಲಿದವು. ಇನ್ನು ಅದರ ಕಥೆ ಮುಗಿಯಿತೆಂದು ಬಗೆದು ಅವರು ಬೇರೆ ವಿಮಾನಗಳ ಕಡೆ ತಿರುಗಿದರು. ಆದರೆ ಪೆಟ್ಟು ತಿಂದ ಮಿಸ್ಟೇರ್ ಬೀಳಲಿಲ್ಲ. ತಪ್ಪಿಸಿಕೊಂಡು ಹೋಗಲೂ ನೋಡಲಿಲ್ಲ. ತಿರುಗಿ ನಿಂತು ಸ್ಟಾರ್‌ಫೈಟರ್ ಮೇಲೆಯೇ ಏರಿಬಂತು.

ಸ್ಟಾರ್‌ಫೈಟರ್ ನೇರ ಓಟದಲ್ಲಿ ಬಲಶಾಲಿ, ಆದರೆ ತಿರುವುಗಳಲ್ಲಿ ಅಷ್ಟು ಚುರುಕಲ್ಲ. ಕಡಿಮೆ ವೇಗದಲ್ಲಿ, ಕಡಿಮೆ ಎತ್ತರದಲ್ಲಿ ಸುತ್ತುವ ಕಾಳಗಕ್ಕೆ ಅದು ಇಳಿದಾಗ ಮಿಸ್ಟೇರ್‌ಗೆ ಅವಕಾಶ ಸಿಕ್ಕಿತು. ಮಿಸ್ಟೇರ್‌ನ ಗುಂಡುಗಳು ಸ್ಟಾರ್‌ಫೈಟರ್‌ಗೆ ತಗುಲಿ ಅದು ಹಿಡಿತ ತಪ್ಪಿತು. ಅಮ್ಜದ್ ಹುಸೇನ್ ಪ್ಯಾರಾಚೂಟಿನಿಂದ ಹೊರಹಾರಿ ಬದುಕಿಕೊಂಡರು. ಮೊದಲೇ ಜಖಂಗೊಂಡಿದ್ದ ಮಿಸ್ಟೇರ್ ಕೂಡ ನೆಲಕ್ಕೆ ಬಿತ್ತು. ಅದರ ಪೈಲಟ್ ಬದುಕಲಿಲ್ಲ.

ಸರಗೋಧಾಕ್ಕೆ ಹೆಚ್ಚು ದೂರವಲ್ಲದ ಹೊಲಗಳಲ್ಲಿ ಆ ಪೈಲಟ್‌ನ ದೇಹ ಹಳ್ಳಿಯ ಜನರಿಗೆ ಸಿಕ್ಕಿತು. ಅವರು ಅದನ್ನು ಮಣ್ಣು ಮಾಡಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಹಿಂದಿನ ದಿನವಷ್ಟೇ ಯುದ್ಧ ತಮ್ಮ ಮನೆಬಾಗಿಲಿಗೆ ಬಂದಿತ್ತು. ಸತ್ತವನು ತಮ್ಮ ಮೇಲೆ ಬಾಂಬು ಹಾಕಲು ಬಂದವರ ಪೈಕಿ. ಆದರೂ ಆ ರೈತರು ದೇಹವನ್ನು ಹೊಲದಲ್ಲಿ ಬಿಟ್ಟು ಹೋಗಲಿಲ್ಲ. ಮನುಷ್ಯನ ದೇಹವನ್ನು ಮಣ್ಣಿಗೆ ಸೇರಿಸುವುದು ಆದಮ್ ಅವರ ಮಕ್ಕಳ ಕಾಲದಿಂದ ಬಂದ ಕರ್ತವ್ಯವೆಂದು ನಮಗೆ ಕಲಿಸಲಾಗಿದೆ. ಒಮ್ಮೆ ಒಬ್ಬ ಯಹೂದಿಯ ಶವಯಾತ್ರೆ ಹಾದುಹೋಗುವಾಗ ಪ್ರವಾದಿಯವರು (ಸ) ಎದ್ದು ನಿಂತು ಗೌರವ ತೋರಿದ ಪ್ರಸಂಗವನ್ನು ಮದ್ರಸಾದಲ್ಲಿ ಓದಿದ ಎಲ್ಲರೂ ಬಲ್ಲರು. ಸತ್ತವನ ಧರ್ಮ ಯಾವುದು, ಪಕ್ಷ ಯಾವುದು ಎಂದು ಕೇಳುವ ಮೊದಲು ಅವನೊಬ್ಬ ಮನುಷ್ಯನೆಂಬುದನ್ನು ಆ ಹಳ್ಳಿಗರು ಮರೆಯಲಿಲ್ಲ.

ಸತ್ಯ ಹೊರಬಂದ ಬಗೆ

ಸ್ಟಾರ್‌ಫೈಟರ್ ಬಿದ್ದದ್ದು ಮಿಸ್ಟೇರ್‌ನ ಚೂರುಗಳು ಬಡಿದದ್ದರಿಂದ ಎಂದು ಮೊದಲಿಗೆ ಆ ಕಡೆ ಹೇಳಲಾಗಿತ್ತು. ಹಳೆಯ ವಿಮಾನವೊಂದು ಅತ್ಯಾಧುನಿಕ ವಿಮಾನವನ್ನು ಹೊಡೆದುರುಳಿಸಿತು ಎಂದು ಒಪ್ಪುವುದು ಯಾವ ಸೈನ್ಯಕ್ಕೂ ಸುಲಭವಲ್ಲ. 1971ರ ಯುದ್ಧದಲ್ಲಿ ಇದೇ ಅಮ್ಜದ್ ಹುಸೇನ್ ಅವರ ವಿಮಾನ ಅಮೃತಸರದ ಬಳಿ ಉರುಳಿ ಅವರು ಭಾರತದಲ್ಲಿ ಯುದ್ಧಕೈದಿಯಾದರು. ಆ ಹೊತ್ತಿಗೂ 1965ರ ಕಾಳಗದ ನಿಜ ಸಂಗತಿ ಪುಸ್ತಕವಾಗಿ ಬಂದಿರಲಿಲ್ಲ.

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು 1965ರ ಆಕಾಶಯುದ್ಧದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಅವರು ಮಾಹಿತಿ ಪಡೆದದ್ದು ಪಾಕಿಸ್ತಾನದ ವಾಯುಪಡೆಯಿಂದ. ಪುಸ್ತಕ ಒಟ್ಟಾರೆ ಪಾಕಿಸ್ತಾನದ ದೃಷ್ಟಿಯಿಂದಲೇ ಬರೆದದ್ದು. ಆದರೆ ಸರಗೋಧಾ ಮೇಲಿನ ಆ ಬೆಳಗಿನ ಕಾಳಗದ ಬಗ್ಗೆ ಬರೆಯುವಾಗ ಒಂದು ಮಿಸ್ಟೇರ್ ಸ್ಟಾರ್‌ಫೈಟರನ್ನು ಗುಂಡಿಟ್ಟು ಉರುಳಿಸಿದ ಸಂಗತಿ ಅದರಲ್ಲಿ ಬಂತು. ಆ ಮಿಸ್ಟೇರ್ ಪೈಲಟ್ ಯಾರೆಂದು ಪುಸ್ತಕ ಬರೆದವರಿಗೆ ತಿಳಿಯಬೇಕಾಗಿರಲಿಲ್ಲ. ತಿಳಿದುಕೊಳ್ಳುವ ದಾರಿ ಭಾರತದ ದಾಖಲೆಗಳಲ್ಲಿತ್ತು.

ಲೆಕ್ಕ ಬಿಡಿಸುವಂತೆ ಬಿಡಿಸಿ ನೋಡಿ. ಸೆಪ್ಟೆಂಬರ್ 7ರ ಮುಂಜಾನೆ ಪಾಕಿಸ್ತಾನ ಒಂದು ಸ್ಟಾರ್‌ಫೈಟರ್ ಕಳೆದುಕೊಂಡಿತು. ಅದರೊಡನೆ ಕಾದಾಡಿದ್ದು ಒಂದು ಮಿಸ್ಟೇರ್, ಅದೂ ಅಲ್ಲೇ ಬಿತ್ತು. ಆ ಮುಂಜಾನೆಯ ದಾಳಿಗೆ ಹೋದ ಮಿಸ್ಟೇರ್‌ಗಳಲ್ಲಿ ಮರಳದೆ ಉಳಿದದ್ದು ಒಂದೇ ಒಂದು. ಅದನ್ನು ಹಾರಿಸುತ್ತಿದ್ದವರು ದೇವಯ್ಯ. ಆದ್ದರಿಂದ ಆ ವೀರರು ದೇವಯ್ಯನವರೇ. ಅರ್ಧ ಉತ್ತರ ಅವರ ದಾಖಲೆಯಲ್ಲಿ, ಅರ್ಧ ಉತ್ತರ ನಮ್ಮ ದಾಖಲೆಯಲ್ಲಿ ಹದಿನಾಲ್ಕು ವರ್ಷ ಬೇರೆಬೇರೆಯಾಗಿ ಬಿದ್ದಿತ್ತು.

ಒಂದು ಸಾಲಿನ ದಾಖಲೆಗೆ ಎಷ್ಟು ಬೆಲೆ ಇರುತ್ತದೆಂದು ನಮ್ಮ ಭಾಗದವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ದೇಶದುದ್ದಕ್ಕೂ ಬಂಡೆಗಳ ಮೇಲೆ ದೇವಾನಾಂಪ್ರಿಯ ಎಂಬ ರಾಜನ ಶಾಸನಗಳು ಸಿಕ್ಕಿದ್ದವು. ಅವನು ಅಶೋಕನೇ ಎಂದು ವಿದ್ವಾಂಸರು ಬೇರೆ ಗ್ರಂಥಗಳ ಆಧಾರದಿಂದ ಊಹಿಸಿದ್ದರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ನಮ್ಮ ಪಕ್ಕದ ಮಸ್ಕಿಯ ಗುಡ್ಡದಲ್ಲಿ ಕಂಡ ಶಾಸನದಲ್ಲಿ ಆ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಸಂಶಯ ಅಲ್ಲಿಗೆ ತೀರಿತು. ಒಬ್ಬ ಚಕ್ರವರ್ತಿಯ ಗುರುತು ಖಚಿತವಾಗಲು ನಮ್ಮ ಮಸ್ಕಿಯ ಕಲ್ಲಿನ ಮೇಲಿನ ಒಂದು ಹೆಸರು ಬೇಕಾಯಿತು.

ಆದರೆ ದಾಖಲೆ ಸಿಕ್ಕ ಮಾತ್ರಕ್ಕೆ ನ್ಯಾಯ ತಾನಾಗಿ ನಡೆದು ಬರುವುದಿಲ್ಲ. ಯಾರಾದರೂ ಅದನ್ನು ಹಿಡಿದು ಬಾಗಿಲು ತಟ್ಟಬೇಕು. ಆ ಕೆಲಸ ಮಾಡಿದವರು ತಂಡದ ಮುಖ್ಯಸ್ಥರಾಗಿದ್ದ ತನೇಜಾ ಅವರು. ಅವರು ಗ್ರೂಪ್ ಕ್ಯಾಪ್ಟನ್ ಆಗಿ ನಿವೃತ್ತರಾಗಿದ್ದರು. ತಮ್ಮ ಕೈಕೆಳಗೆ ದುಡಿದ ಒಬ್ಬ ಪೈಲಟ್‌ನ ವಿಷಯ ಮುಗಿದ ಕಥೆ ಎಂದು ಅವರು ಬಿಡಲಿಲ್ಲ. ಸಂಗತಿಯನ್ನು ವಾಯುಪಡೆಯ ಮುಂದಿಟ್ಟು ದೇವಯ್ಯನವರಿಗೆ ಸಲ್ಲಬೇಕಾದ ಗೌರವ ಸಲ್ಲಬೇಕೆಂದು ಪ್ರಯತ್ನಿಸಿದರು.

1988ರಲ್ಲಿ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಯುದ್ಧಕಾಲದ ಶೌರ್ಯಕ್ಕೆ ಕೊಡುವ ಪ್ರಶಸ್ತಿಗಳಲ್ಲಿ ಇದು ಪರಮವೀರ ಚಕ್ರದ ನಂತರದ್ದು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ಕಾಣೆಯಾದ ದಿನದಿಂದ ಲೆಕ್ಕ ಹಾಕಿದರೆ ಇಪ್ಪತ್ಮೂರು ವರ್ಷ. ತಂದೆ ಹೋದಾಗ ಎಳೆಯರಾಗಿದ್ದ ಮಕ್ಕಳು ಬೆಳೆದು ದೊಡ್ಡವರಾಗಿದ್ದರು. ಅವರನ್ನು ಮಣ್ಣು ಮಾಡಿದ ನೆಲ ಗಡಿಯಾಚೆಯೇ ಉಳಿಯಿತು. ಆದರೆ ಯಾವಾಗ, ಹೇಗೆ, ಎಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಆ ಮನೆಗೆ ಉತ್ತರ ಸಿಕ್ಕಿತು.

ಇಂದು ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ, ಪ್ರತಿಮೆಯೂ ಇದೆ. 2025ರ ಜನವರಿಯಲ್ಲಿ ಬಂದ ಸ್ಕೈ ಫೋರ್ಸ್ ಎಂಬ ಹಿಂದಿ ಸಿನಿಮಾವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದರ ಕಥೆಗೆ ಮೂಲ ದೇವಯ್ಯ ಮತ್ತು ತನೇಜಾ ಅವರ ಜೀವನ. ಸಿನಿಮಾದಲ್ಲಿ ಹೆಸರುಗಳು ಬೇರೆ, ರಂಜನೆಗಾಗಿ ಸೇರಿಸಿದ ಸಂಗತಿಗಳೂ ಇವೆ. ಸಿನಿಮಾ ನೋಡಿ ಸುಮ್ಮನಾಗದೆ ಇತಿಹಾಸವನ್ನೂ ಓದಬೇಕೆಂದು ವಿದ್ಯಾರ್ಥಿಗಳಲ್ಲಿ ವಿನಂತಿ.

ಬೇರೆ ದೇಶಗಳಲ್ಲಿ

ಕಾಣೆಯಾದ ಪೈಲಟ್‌ಗಳನ್ನು ಹುಡುಕುವ ಕೆಲಸ ಜಗತ್ತಿನಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಎರಡನೇ ಮಹಾಯುದ್ಧದ ಕೊನೆಗೆ ಬ್ರಿಟಿಷ್ ವಾಯುಪಡೆಯ ಸುಮಾರು 42 ಸಾವಿರ ಜನ ಎಲ್ಲಿದ್ದಾರೆಂಬುದೇ ಗೊತ್ತಿರಲಿಲ್ಲ. ಅದಕ್ಕಾಗಿ ಒಂದು ಶೋಧ ದಳವನ್ನೇ ಕಟ್ಟಿದರು. ದಳದವರು ಯುರೋಪಿನ ಹಳ್ಳಿಹಳ್ಳಿಗೆ ಹೋದರು. ಚರ್ಚಿನ ಪಾದ್ರಿಗಳನ್ನು, ಊರ ಮುಖಂಡರನ್ನು, ಗೋರಿ ಅಗೆಯುವವರನ್ನು ವಿಚಾರಿಸಿದರು. ಮಣ್ಣು ಮಾಡಿದವರ ಹೆಸರು ಬರೆದಿಟ್ಟ ಪುಸ್ತಕಗಳನ್ನು ತಿರುವಿ ನೋಡಿದರು. ಬಿದ್ದ ವಿಮಾನದ ಎಂಜಿನ್ ಮೇಲಿನ ಸಂಖ್ಯೆ ಸಿಕ್ಕರೆ ಅದು ಯಾವ ವಿಮಾನ, ಆ ದಿನ ಅದರಲ್ಲಿ ಯಾರಿದ್ದರು ಎಂದು ಕಡತದಿಂದ ತಿಳಿಯುತ್ತಿತ್ತು. ಬಟ್ಟೆಯ ಮೇಲೆ ಅಗಸರು ಹಾಕಿದ ಗುರುತಿನಿಂದಲೂ ಹೆಸರು ಪತ್ತೆಯಾದದ್ದುಂಟು. ಹೀಗೆ ಸಾವಿರಾರು ಮನೆಗಳಿಗೆ ಉತ್ತರ ಸಿಕ್ಕಿತು. ಸಮಾಧಿ ಸಿಗದೆ ಉಳಿದ 20 ಸಾವಿರಕ್ಕೂ ಹೆಚ್ಚು ಜನರ ಹೆಸರನ್ನು ಇಂಗ್ಲೆಂಡಿನ ರನ್ನಿಮೀಡ್ ಎಂಬಲ್ಲಿ ಕಲ್ಲಿನಲ್ಲಿ ಕೆತ್ತಿಟ್ಟಿದ್ದಾರೆ. ನಮ್ಮ ದೇಶದಿಂದ ಹೋದವರ ಹೆಸರುಗಳೂ ಅಲ್ಲಿವೆ.

ನಮ್ಮ ದೇಶದ್ದೇ ಇನ್ನೊಂದು ಉದಾಹರಣೆ ಇದೆ. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ವಾಯುಪಡೆಯ ಸರಕು ವಿಮಾನ 102 ಜನರ ಸಮೇತ ಹಿಮಾಲಯದಲ್ಲಿ ಕಾಣೆಯಾಯಿತು. 2003ರಲ್ಲಿ ಪರ್ವತಾರೋಹಿಗಳಿಗೆ ಅವಶೇಷ ಸಿಕ್ಕಿತು. 2024ರಲ್ಲಿಯೂ ನಾಲ್ವರ ದೇಹಗಳು ಹಿಮದಡಿ ಸಿಕ್ಕವು. ಅವರಲ್ಲಿ ಕೆಲವರ ಗುರುತು ಹತ್ತಿದ್ದು ಮೈಮೇಲೆ ಉಳಿದಿದ್ದ ಕಾಗದಪತ್ರಗಳಿಂದ. ಐವತ್ತಾರು ವರ್ಷದ ನಂತರ ಒಂದು ಕಾಗದದ ತುಂಡು ಒಬ್ಬ ಸೈನಿಕನನ್ನು ತನ್ನ ಊರಿಗೆ ಮುಟ್ಟಿಸಿತು.

ನಾವು ಕಲಿಯಬೇಕಾದದ್ದು

ಮಾನ್ಯ ಸದಸ್ಯರೇ, ದೇವಯ್ಯನವರ ಜೀವನದಿಂದ ಧೈರ್ಯದ ಪಾಠವನ್ನು ಎಲ್ಲರೂ ತೆಗೆದುಕೊಳ್ಳುತ್ತಾರೆ. ಅದು ಸರಿಯೇ. ಆದರೆ ಅವರ ಮರಣದ ನಂತರದ ಇಪ್ಪತ್ಮೂರು ವರ್ಷಗಳಲ್ಲಿ ಇನ್ನೂ ಎರಡು ಪಾಠಗಳಿವೆ.

ಮೊದಲನೆಯದು ಸತ್ಯವಾದ ಸಾಕ್ಷಿ. ದೇವಯ್ಯನವರ ಶೌರ್ಯ ಬೆಳಕಿಗೆ ಬಂದದ್ದು ಅವರೊಡನೆ ಕಾದಾಡಿದ ಕಡೆಯಿಂದ ಬಂದ ಮಾಹಿತಿಯಿಂದ. ಆ ಕಡೆಯವರು ಬಾಯಿ ಮುಚ್ಚಿಕೊಂಡೇ ಇದ್ದಿದ್ದರೆ ದೇವಯ್ಯನವರು ಇಂದಿಗೂ ಕಾಣೆಯಾದವರ ಪಟ್ಟಿಯ ಒಂದು ಹೆಸರಾಗಿ ಉಳಿಯುತ್ತಿದ್ದರು. ನಮಗೆ ಆಗದವರ ವಿಷಯದಲ್ಲೂ ನ್ಯಾಯ ಬಿಡಬಾರದೆಂಬುದು ಕುರ್‌ಆನ್ ಕಲಿಸುವ ಪಾಠ. ಗವಾಹಿ ಮುಚ್ಚಿಡುವುದನ್ನು ನಮ್ಮ ದೀನ್ ಪಾಪವೆಂದು ಎಣಿಸುತ್ತದೆ. ಮೈದಾನದಲ್ಲಿ ಎದುರಾಳಿ ತಂಡದ ಹುಡುಗ ಚೆನ್ನಾಗಿ ಆಡಿದರೆ ಚೆನ್ನಾಗಿ ಆಡಿದನೆಂದು ಒಪ್ಪಿಕೊಳ್ಳುವಲ್ಲಿಂದಲೇ ಈ ಅಭ್ಯಾಸ ಶುರುವಾಗಬೇಕು.

ಎರಡನೆಯದು ದಾಖಲೆ. ನಮ್ಮಲ್ಲಿ ದಾಖಲೆ ಬರೆದಿಡುವ ರೂಢಿ ಕಡಿಮೆ. ಕಬರಸ್ತಾನದಲ್ಲಿ ಎಷ್ಟೋ ಕಬರಗಳು ಯಾರದೆಂದು ಊರಿನ ಹಿರಿಯರೊಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಆ ಹಿರಿಯರು ತೀರಿಕೊಂಡ ದಿನ ಅಷ್ಟೂ ಕಬರಗಳು ಹೆಸರು ಕಳೆದುಕೊಳ್ಳುತ್ತವೆ. ಗೋರಿ ಕಟ್ಟಿಸಿ ಅಲಂಕಾರ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಒಂದು ರಿಜಿಸ್ಟರ್ ಇಡಬೇಕು ಅಷ್ಟೇ. ಮಯ್ಯತ್‌ನ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ದಫನ್ ಆದ ದಿನಾಂಕ, ಯಾವ ಸಾಲಿನಲ್ಲಿ ಎಷ್ಟನೆಯದು ಎಂದು ಬರೆದರೆ ಸಾಕು. ಇದಕ್ಕೆ ತಗಲುವ ಖರ್ಚು ಒಂದು ನೋಟ್‌ಬುಕ್, ಒಂದು ಪೆನ್ನು.

ವಾರಸುದಾರರಿಲ್ಲದ ಶವಗಳನ್ನು ಪಟ್ಟಣಗಳಲ್ಲಿ ನಮ್ಮ ಜಮಾಅತ್‌ಗಳು ದಫನ್ ಮಾಡುತ್ತವೆ. ಇದು ದೊಡ್ಡ ಸವಾಬಿನ ಕೆಲಸ. ಅದರೊಡನೆ ಸಿಕ್ಕ ಜಾಗ, ದಿನಾಂಕ, ಮೈಮೇಲಿನ ಗುರುತು, ಬಟ್ಟೆ, ಜೇಬಿನಲ್ಲಿದ್ದ ವಸ್ತು, ಪೊಲೀಸ್ ಠಾಣೆಯ ಕೇಸ್ ನಂಬರ್ ಇಷ್ಟನ್ನೂ ಬರೆದಿಟ್ಟರೆ ಮುಂದೊಂದು ದಿನ ಯಾರೋ ತಾಯಿ ಹುಡುಕಿಕೊಂಡು ಬಂದಾಗ ಕೈ ತೋರಿಸಲು ಒಂದು ಜಾಗವಿರುತ್ತದೆ. ನಮ್ಮ ರಾಯಚೂರು ಜಿಲ್ಲೆಯಿಂದ ಗುಳೆ ಹೋಗುವವರು ಎಷ್ಟು ಜನ ಎಂದು ನಿಮಗೆ ಗೊತ್ತು. ಬೆಂಗಳೂರು, ಪುಣೆ, ಗೋವಾ ಎಂದು ದುಡಿಯಲು ಹೋದವರಿಗೆ ಅಲ್ಲಿ ಏನಾದರೂ ಆದರೆ ಊರಿಗೆ ಸುದ್ದಿ ಮುಟ್ಟಿಸುವುದು ಜೇಬಿನಲ್ಲಿರುವ ಒಂದು ಚೀಟಿ. ಹೊರಡುವ ಮುಂಚೆ ಅದರಲ್ಲಿ ತಮ್ಮ ಹೆಸರು, ಊರು, ಮನೆಯವರ ಫೋನ್ ನಂಬರ್ ಬರೆದಿಟ್ಟುಕೊಳ್ಳಲು ಹೇಳಿ. ಓದು ಬಾರದವರಿಗೆ ವಿದ್ಯಾರ್ಥಿಗಳೇ ಬರೆದುಕೊಡಬಹುದು.

ಜನನ ಮತ್ತು ಮರಣ ನೋಂದಣಿ ಕಾಯ್ದೆ 1969ರಿಂದ ಇದೆ. ಸಾವಾದ 21 ದಿನದೊಳಗೆ ತಿಳಿಸಿದರೆ ನೋಂದಣಿಗೆ ಶುಲ್ಕವಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಇದನ್ನು ಮಾಡಿಸುವುದಿಲ್ಲ. ಮುಂದೆ ವಿಧವಾ ವೇತನಕ್ಕೋ ಹೊಲದ ಖಾತೆ ಬದಲಾವಣೆಗೋ ಪ್ರಮಾಣಪತ್ರ ಬೇಕಾದಾಗ ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಹೆಸರಿನ ಅಕ್ಷರಗಳ ವಿಷಯದಲ್ಲೂ ಎಚ್ಚರ ಬೇಕು. ಉರ್ದುವಿನಲ್ಲಿ ಒಂದೇ ಬಗೆಯಾಗಿ ಬರೆಯುವ ಹೆಸರು ಕನ್ನಡದಲ್ಲಿ ಮೂರು ಬಗೆಯಾಗಿ, ಇಂಗ್ಲಿಷಿನಲ್ಲಿ ಐದು ಬಗೆಯಾಗಿ ಕಾಣಿಸುತ್ತದೆ. ಶಾಲಾ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಪಡಿತರ ಚೀಟಿಯಲ್ಲಿ ಮತ್ತೊಂದು ಇದ್ದರೆ ಬದುಕಿರುವ ಮನುಷ್ಯನೇ ತಾನು ತಾನೆಂದು ಸಾಬೀತು ಮಾಡಬೇಕಾಗುತ್ತದೆ. ಮಗುವನ್ನು ಶಾಲೆಗೆ ಸೇರಿಸುವ ದಿನವೇ ಹೆಸರನ್ನು ಒಂದೇ ರೀತಿ ಬರೆಸಿ.

ಸರಗೋಧಾದ ಹಳ್ಳಿಗರು ಮಣ್ಣು ಕೊಟ್ಟರು. ಗಡಿಯಾಚೆಯಿಂದ ನಿಜ ಸಂಗತಿ ಹೊರಬಂತು. ಸ್ಕ್ವಾಡ್ರನ್ನಿನ ಗುಮಾಸ್ತರು ಯಾರು ಯಾವ ವಿಮಾನದಲ್ಲಿ ಹೋದರೆಂದು ಸರಿಯಾಗಿ ಬರೆದಿಟ್ಟಿದ್ದರು. ತನೇಜಾ ಅವರು ಕೈಬಿಡದೆ ಹಿಂದೆ ಬಿದ್ದರು. ಈ ನಾಲ್ಕರಲ್ಲಿ ಒಂದು ತಪ್ಪಿದ್ದರೂ ದೇವಯ್ಯನವರ ಹೆಸರು ನಮ್ಮವರೆಗೆ ಬರುತ್ತಿರಲಿಲ್ಲ. ಈ ವರ್ಷ ನಮ್ಮ ಸಂಘದ ಸದಸ್ಯರೂ ವಿದ್ಯಾರ್ಥಿಗಳೂ ಸೇರಿ, ಪಾಮನಕಲ್ಲೂರಿನ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರನ್ನು ಕೇಳಿ ನಮ್ಮ ಕಬರಸ್ತಾನದ ರಿಜಿಸ್ಟರ್ ಬರೆಯಲು ತೊಡಗೋಣ. ಅಲ್ಲಾಹನು ನಮಗೆ ಸತ್ಯ ಬರೆಯುವ ಕೈ, ಸತ್ಯ ನುಡಿಯುವ ನಾಲಿಗೆ ದಯಪಾಲಿಸಲಿ. ಆಮೀನ್.